ಸಹಿ ಹಾಕುವ ಮೊದಲು

ಹುಬ್ಬಳ್ಳಿಯಿಂದ ಒಂದು ರೈಲು ಹೊರಡಬೇಕಾದರೆ ಎಂಜಿನ್, ಡ್ರೈವರ್, ಹಸಿರು ಸಿಗ್ನಲ್ ಇದ್ದರೆ ಸಾಲದು. ಒಂದು ಕಾಗದವೂ ಬೇಕು. ಬ್ರೇಕ್ ಪವರ್ ಸರ್ಟಿಫಿಕೇಟ್ ಅಂತ ಅದರ ಹೆಸರು. ಬ್ರೇಕ್ ಸರಿಯಾಗಿ ಹಿಡಿಯುತ್ತಿದೆ, ಗಾಲಿಗಳು ಚೆನ್ನಾಗಿವೆ, ಡಬ್ಬಿಗಳ ಕೆಳಗೆ ಏನೂ ಸಡಿಲಾಗಿಲ್ಲ ಅಂತ ಗಾಡಿಯನ್ನು ಪರೀಕ್ಷೆ ಮಾಡಿದವರು ಅದರ ಮೇಲೆ ಸಹಿ ಹಾಕುತ್ತಾರೆ. ಡ್ರೈವರ್ ಮತ್ತು ಗಾರ್ಡ್ ಕೂಡ ನೋಡಿ ಸಹಿ ಮಾಡುತ್ತಾರೆ. ಕಿಟಕಿ ಪಕ್ಕದ ಸೀಟು ಹಿಡಿದು ಕೂತ ನಮಗೆ ಇದ್ಯಾವುದೂ ಗೊತ್ತಿರುವುದಿಲ್ಲ. ಯಾರೋ ನೋಡಿದ್ದಾರೆ ಅನ್ನುವ ನಂಬಿಕೆಯ ಮೇಲೆ ರಾತ್ರಿಯೆಲ್ಲ ನಿದ್ದೆ ಮಾಡುತ್ತೇವೆ.

ನನ್ನ ಅಪ್ಪ ಬಹಳ ವರ್ಷ ಆ ಸಹಿ ಹಾಕುವ ಕೆಲಸದಲ್ಲಿದ್ದರು. ಟ್ರೇನ್ ಎಕ್ಸಾಮಿನರ್. ರೈಲ್ವೆಯವರ ಬಾಯಲ್ಲಿ ಟಿಎಕ್ಸ್‌ಆರ್. ಅದರ ಜೊತೆಗೇ ನಮ್ಮ ಸಣ್ಣ ಚರ್ಚಿನಲ್ಲಿ ಡೀಕನ್, ಅಂದರೆ ಸಭಾಸೇವಕ, ಆಗಿದ್ದರು. ಹೋದ ವರ್ಷ ಮಳೆಗಾಲದಲ್ಲಿ ತೀರಿಕೊಂಡರು.

ಅವರ ಮಣ್ಣಿನ ದಿನ ಬಂದವರೆಲ್ಲ "ಪ್ರಾರ್ಥನೆಯ ಮನುಷ್ಯ", "ದೇವರಿಗೆ ಹೆದರಿ ನಡೆದವರು" ಅಂದರು. ಅದು ನಿಜವೇ. ಆದರೆ ಅಷ್ಟೇ ಹೇಳಿದರೆ ಅಪ್ಪ ಸದಾ ಕಣ್ಣು ಮುಚ್ಚಿ ಕೂತಿದ್ದರು ಅನ್ನಿಸುತ್ತದೆ. ನಾನು ಕಂಡ ಅಪ್ಪ ಕಣ್ಣು ತೆರೆದಿದ್ದವರು. ಯಾರಿಗೋ ಕಷ್ಟ ಅಂತ ಸುದ್ದಿ ಬಂದರೆ ಅವರ ಬಾಯಿಂದ ಮೊದಲು ಬರುತ್ತಿದ್ದ ಮಾತು "ಅಯ್ಯೋ ಪಾಪ" ಅಲ್ಲ, "ಪ್ರಾರ್ಥನಾ ಮಾಡೂಣು" ಕೂಡ ಅಲ್ಲ. "ತಡಿ, ಹೋಗಿ ನೋಡಿ ಬರ್ತೀನಿ." ಪ್ರಾರ್ಥನೆ ಆಮೇಲೆ, ನೋಡಿ ಬಂದ ಮೇಲೆ. ಅವರ ಭಕ್ತಿ ಇದ್ದದ್ದೇ ಹಾಗೆ. ಅದನ್ನು ಬರೆದಿಡಬೇಕು ಅನ್ನಿಸಿತು.

ಅಪ್ಪ ಹುಟ್ಟಿದ್ದು 1944ರಲ್ಲಿ, ಗದಗಿನ ಪಕ್ಕದ ಬೆಟಗೇರಿಯಲ್ಲಿ. ಬಾಸೆಲ್ ಮಿಷನ್ ಅನ್ನುವ ಕ್ರೈಸ್ತ ಸಂಸ್ಥೆಯವರು 1834ರಲ್ಲಿ ಮಂಗಳೂರಿಗೆ ಬಂದು, ಆಮೇಲೆ ಘಟ್ಟ ಹತ್ತಿ 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿಯಲ್ಲಿ ನೆಲೆ ಮಾಡಿದರು. ನಮ್ಮ ಮನೆತನ ಯಾವ ತಲೆಮಾರಿನಲ್ಲಿ ಆ ಸಭೆಗೆ ಸೇರಿತು ಅನ್ನುವುದಕ್ಕೆ ಮನೆಯಲ್ಲಿ ಕಾಗದ ಏನೂ ಇಲ್ಲ. ಅಜ್ಜ ಕೈಮಗ್ಗದ ನೇಕಾರ. ಮಗ್ಗದಿಂದ ಇಳಿಸಿದ ಸೀರೆಯನ್ನು ಅಂಗಳಕ್ಕೆ ತಂದು ಬಿಸಿಲಿಗೆ ಹಿಡಿದು, ಒಂದು ಎಳೆ ತಪ್ಪಿದ್ದರೂ ಬೆರಳಿಟ್ಟು ತೋರಿಸುತ್ತಿದ್ದರಂತೆ. ಯಾರಿಗಾದರೂ ಜ್ವರ ಜಾಸ್ತಿಯಾದರೆ ಜರ್ಮನ್ ದವಾಖಾನೆಗೆ ನಡೆಸಿಕೊಂಡು ಹೋಗುತ್ತಿದ್ದರು. ಬೆಟಗೇರಿಯ ಮಿಷನ್ ಆಸ್ಪತ್ರೆಗೆ ಈಗಲೂ ಹಳಬರು ಹಾಗೇ ಅನ್ನುವುದು. ಸಂಜೆ ದೀಪ ಹಚ್ಚಿದ ಮೇಲೆ ಮನೆಯವರೆಲ್ಲ ಕೂತು ಬೈಬಲ್ ಓದಬೇಕು, ಒಂದು ಸಂಗೀತ ಹಾಡಬೇಕು. ಓದು ಬರುತ್ತಿದ್ದ ಮಕ್ಕಳು ಪಾಳಿ ಪ್ರಕಾರ ಓದುವುದು. ಅಪ್ಪನ ಕನ್ನಡ ಅಲ್ಲಿ ಬೆಳೆದದ್ದು.

ಮಗ್ಗದಲ್ಲಿ ಹೊಟ್ಟೆ ತುಂಬುವುದು ಕಷ್ಟವಾಯಿತು. 1965ರಲ್ಲಿ ಅಪ್ಪ ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿಗೆ ಅಪ್ರೆಂಟಿಸ್ ಆಗಿ ಬಂದರು. ಬೆಟಗೇರಿಯಿಂದ ಹುಬ್ಬಳ್ಳಿ ಏನು ದೂರ? ಹುಲಕೋಟಿ, ಅಣ್ಣಿಗೇರಿ, ಕುಸುಗಲ್ ದಾಟಿದರೆ ಬಂತು. ಆದರೆ ವರ್ಕ್‌ಶಾಪಿನ ಸೈರನ್, ಅಂದರೆ ಭೋಂಗಾ, ಕೂಗಿದಾಗ ಏಳುವ, ಭೋಂಗಾ ಕೂಗಿದಾಗ ಬಿಡುವ ಬದುಕು ಅವರಿಗೆ ಹೊಸದು. ಆಗ ಹುಬ್ಬಳ್ಳಿ ದಕ್ಷಿಣ ರೈಲ್ವೆಯಲ್ಲಿತ್ತು. ಮರುವರ್ಷ, 1966ರ ಅಕ್ಟೋಬರ್ 2ಕ್ಕೆ, ದಕ್ಷಿಣ ಮಧ್ಯ ರೈಲ್ವೆ ಹುಟ್ಟಿತು, ಹುಬ್ಬಳ್ಳಿ ಅದಕ್ಕೆ ಹೋಯಿತು. 2003ರ ಏಪ್ರಿಲ್ 1ಕ್ಕೆ ಹುಬ್ಬಳ್ಳಿಯೇ ಕೇಂದ್ರವಾಗಿ ನೈಋತ್ಯ ರೈಲ್ವೆ ಬಂತು. ಅಪ್ಪ 2004ರಲ್ಲಿ ನಿವೃತ್ತರಾದರು. ಊರು ಬಿಡದೆ ಮೂರು ರೈಲ್ವೆಗಳಲ್ಲಿ ಚಾಕರಿ ಮಾಡಿದೆ ಅಂತ ಖುಷಿಯಿಂದ ಹೇಳುತ್ತಿದ್ದರು.

ವರ್ಕ್‌ಶಾಪಿನಲ್ಲಿ ಕೆಲಸ ಕಲಿತು, ಮೇಲಿನ ಪರೀಕ್ಷೆಗಳನ್ನು ಕಟ್ಟಿ ಪಾಸಾಗಿ, ಗಾಡಿ ಪರೀಕ್ಷೆ ಮಾಡುವ ಕಡೆಗೆ ಬಂದರು. ಆ ಕೆಲಸದ ಬಗ್ಗೆ ನಾನು ಸ್ವಲ್ಪ ಜಾಸ್ತಿ ಹೇಳಬೇಕು. ಅಪ್ಪ ಎಂಥವರು ಅನ್ನುವುದೆಲ್ಲ ಅದರಲ್ಲೇ ಇದೆ.

ಗಾಡಿ ಸ್ಟೇಷನ್ನಿಗೆ ಬರುತ್ತಿರುವಾಗಲೇ ಪರೀಕ್ಷೆ ಶುರು. ಹಳಿಯ ಎರಡೂ ಬದಿಯಲ್ಲಿ ಜನ ಕುಕ್ಕರುಗಾಲಲ್ಲಿ ಕೂರುತ್ತಾರೆ. ಡಬ್ಬಿಗಳು ಮುಂದೆ ಉರುಳುತ್ತಿದ್ದ ಹಾಗೆ ಕಣ್ಣು ಕೆಳಗಿನ ಭಾಗದ ಮೇಲೆ, ಕಿವಿ ಗಾಲಿಯ ಸದ್ದಿನ ಮೇಲೆ. ಗಾಲಿ ಒಂದು ಕಡೆ ಸವೆದು ಚಪ್ಪಟೆಯಾಗಿದ್ದರೆ ಪ್ರತಿ ಸುತ್ತಿಗೂ ಒಂದು ಪೆಟ್ಟು ಕೇಳುತ್ತದೆ. ಗಾಡಿ ನಿಂತ ಮೇಲೆ ಉದ್ದ ಹಿಡಿಕೆಯ ಸುತ್ತಿಗೆ ತಗೊಂಡು ಒಂದೊಂದೇ ಗಾಲಿಗೆ ತಟ್ಟುತ್ತಾ ಹೋಗುವುದು. ಗಟ್ಟಿ ಗಾಲಿ ಗಣ್ಣೆಂದು ನಾದ ಕೊಡುತ್ತದೆ. ಎಲ್ಲೋ ಬಿರುಕಿದ್ದರೆ ಸದ್ದು ಬೊದ್ದಾಗಿ, ಬೇಗ ಸಾಯುತ್ತದೆ.

ಅಪ್ಪ ಮಾಡುತ್ತಿದ್ದ ಇನ್ನೊಂದು ಕೆಲಸ ನನಗೆ ಬಹಳ ಇಷ್ಟ. ಗಾಲಿಯ ಆಚೆ ಆಕ್ಸಲ್ ಬಾಕ್ಸ್ ಇರುತ್ತದೆ, ಬೇರಿಂಗ್ ಇರುವ ಡಬ್ಬ. ಬೇರಿಂಗ್ ಕೆಟ್ಟಿದ್ದರೆ ಅದು ಕಾಯುತ್ತದೆ. ಹಾಗೇ ಬಿಟ್ಟರೆ ಓಡುವ ಗಾಡಿಯಲ್ಲಿ ಆಕ್ಸಲ್ ಮುರಿಯುವವರೆಗೂ ಹೋಗಬಹುದು. ಈಗ ದೂರದಿಂದ ಬಿಸಿ ಅಳೆಯುವ ಮೀಟರ್ ಇದೆ. ಆಗ ಕೈಯಲ್ಲೇ ಮುಟ್ಟಿ ನೋಡಬೇಕು. ಅಪ್ಪ ಅಂಗೈಯಿಂದ ಮುಟ್ಟುತ್ತಿರಲಿಲ್ಲ. ಅಂಗೈ ಕೆಲಸ ಮಾಡಿ ಮಾಡಿ ದಡ್ಡುಗಟ್ಟಿರುತ್ತದೆ, ಅದಕ್ಕೆ ಬಿಸಿ ತಡವಾಗಿ ಗೊತ್ತಾಗುತ್ತದೆ ಅನ್ನುತ್ತಿದ್ದರು. ಬೆರಳು ಮಡಚಿ ಕೈಯ ಹಿಂಭಾಗವನ್ನು ಮೆಲ್ಲಗೆ ತಾಗಿಸಿ, ಒಂದು ಕ್ಷಣ ನಿಲ್ಲಿಸಿ, ಮುಂದಿನದಕ್ಕೆ ಹೋಗುವುದು. ನಮಗೆ ಜ್ವರ ಬಂದಾಗ ಹಣೆ ನೋಡುತ್ತಿದ್ದದ್ದೂ ಹಾಗೇ. ಕೈಯ ಹಿಂಭಾಗ, ಒಂದು ಕ್ಷಣ. "ಐತಿ, ಸ್ವಲ್ಪ ಐತಿ" ಅಥವಾ "ಏನಿಲ್ಲ, ಸಾಲಿಗೆ ಹೋಗು."

1990ರ ದಶಕದಲ್ಲಿ ನಮ್ಮ ಕಡೆ ಮೀಟರ್ ಗೇಜ್ ಹೋಗಿ ಬ್ರಾಡ್ ಗೇಜ್ ಬಂತು. ಹಳಿಗಳ ನಡುವೆ 1000 ಮಿಲಿಮೀಟರ್ ಇದ್ದದ್ದು 1676 ಮಿಲಿಮೀಟರ್ ಆಯಿತು. ಹೇಳುವುದಕ್ಕೆ ಸುಲಭ. ಗಾಲಿ, ಆಕ್ಸಲ್, ಅಳತೆ ನೋಡುವ ಗೇಜು, ಎಲ್ಲ ಬೇರೆ. ಅಪ್ಪನಿಗೆ ಆಗ ಐವತ್ತರ ಆಸುಪಾಸು. ವ್ಯಾಕ್ಯೂಮ್ ಬ್ರೇಕ್ ಹೋಗಿ ಏರ್ ಬ್ರೇಕ್ ಬಂದದ್ದೂ ಅವರ ಕಾಲದಲ್ಲೇ. ಹಳೆಯದರಲ್ಲಿ ಪೈಪಿನೊಳಗಿನ ಗಾಳಿ ಹೀರಿ ತೆಗೆದರೆ ಬ್ರೇಕ್ ಬಿಡುತ್ತಿತ್ತು, ಗಾಳಿ ಒಳಗೆ ನುಗ್ಗಿದರೆ ಹಿಡಿಯುತ್ತಿತ್ತು. ಹೊಸದರಲ್ಲಿ ಪೈಪಿನ ತುಂಬ ಗಾಳಿ ಇರಬೇಕು, ಚದರ ಸೆಂಟಿಮೀಟರಿಗೆ 5 ಕೆ.ಜಿ. ಒತ್ತಡ. ಅದು ಇಳಿದರೆ ಬ್ರೇಕ್ ಹಿಡಿಯುತ್ತದೆ. ನನ್ನ ಹಳೆ ನೋಟ್‌ಬುಕ್ಕಿನ ಖಾಲಿ ಹಾಳೆಗಳಲ್ಲಿ ಅಪ್ಪ ಆ ಪೈಪುಗಳ ಚಿತ್ರ ಬರೆದು, ನೀಲಿ ಕೆಂಪು ಗೆರೆ ಹಾಕಿ, ಬಾಯಿಪಾಠ ಮಾಡುತ್ತಿದ್ದರು. ಆ ನೋಟ್‌ಬುಕ್ ಈಗ ನನ್ನ ಹತ್ತಿರ ಇದೆ. ಕೊನೆಯ ಹಾಳೆಯಲ್ಲಿ ಒಂದು ಪೆನ್ಸಿಲ್ ಸಾಲು: ಕಲಿಯದೆ ಸಹಿ ಹಾಕಬಾರದು.

ಒಂದು ರಾತ್ರಿಯ ಸಂಗತಿ ಅಪ್ಪನ ಬಾಯಿಂದ ನಾನು ಕೇಳಿದ್ದಲ್ಲ. ಅವರ ಜೊತೆ ಫಿಟ್ಟರ್ ಆಗಿದ್ದ, ಕ್ವಾರ್ಟರ್ಸಿನಲ್ಲಿ ನಮ್ಮ ಪಕ್ಕದ ಮನೆಯ ಚಾಚಾ ಹೇಳಿದ್ದು. ಚಳಿಗಾಲ. ಹೊರಡಲು ನಿಂತ ಪ್ಯಾಸೆಂಜರ್ ಗಾಡಿಯ ಒಂದು ಡಬ್ಬಿಯ ಸ್ಪ್ರಿಂಗಿನಲ್ಲಿ ಅಪ್ಪನಿಗೆ ಸಣ್ಣ ಬಿರುಕು ಕಂಡಿತು. ಬ್ಯಾಟರಿ ಬೆಳಕಿನಲ್ಲಿ ಚಾಚಾ ನೋಡಿದರೂ ಮೊದಲಿಗೆ ಕಾಣಲಿಲ್ಲವಂತೆ. ಅಪ್ಪ ಹತ್ತಿಯ ವೇಸ್ಟಿನಿಂದ ಗ್ರೀಸ್ ಒರೆಸಿ, ಉಗುರು ಎಳೆದು ತೋರಿಸಿದರು. ಉಗುರು ಸಿಕ್ಕಿಕೊಂಡಿತು. ಡಬ್ಬಿಯನ್ನು ಸಿಕ್ ಮಾಡಬೇಕು ಅಂದರು. ಅಂದರೆ ಆ ಡಬ್ಬಿ ಬಿಚ್ಚಿ ಬದಿಗೆ ಹಾಕಬೇಕು, ಒಳಗಿದ್ದ ಜನರನ್ನು ಬೇರೆ ಡಬ್ಬಿಗೆ ಹತ್ತಿಸಬೇಕು, ಗಾಡಿ ತಡ. ಮೇಲಿನವರೊಬ್ಬರು ಬಂದು "ಮುಂದ ನೋಡ್ಕೋತಾರ, ಸಹಿ ಮಾಡಿ ಕಳಸ್ರಿ" ಅಂದರು. ಅಪ್ಪ ಎದುರು ಮಾತಾಡುವ ಪೈಕಿ ಅಲ್ಲ. ಪೆನ್ನು ಜೇಬಿಗೆ ಇಟ್ಟುಕೊಂಡು, "ಸಾಹೇಬ್ರ, ನೀವು ಬರದು ಕೊಡ್ರಿ. ನನ್ನ ಸಹಿ ಆಗೂದಿಲ್ರಿ" ಅಂದರಂತೆ. ಬರೆದು ಕೊಡುವುದಕ್ಕೆ ಯಾರೂ ಮುಂದೆ ಬರಲಿಲ್ಲ. ಡಬ್ಬಿ ಬಿಚ್ಚಿದರು. ಜನ ಬೈದರು. ಚಾಚಾ ಹೇಳಿದ್ದರಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಆಮೇಲಿನದು. ಅಪ್ಪ ಆ ಡಬ್ಬಿಯೊಳಗೆ ಹೋಗಿ, ನಿದ್ದೆಗಣ್ಣಲ್ಲಿದ್ದ ಮುದುಕ ಮುದುಕಿಯ ಗಂಟು ಹೊತ್ತುಕೊಂಡು, ಬೇರೆ ಡಬ್ಬಿಯಲ್ಲಿ ಜಾಗ ಕೇಳಿ ಕೂರಿಸಿ ಬಂದರು. ತಡ ಯಾಕೆ ಮಾಡಿದಿರಿ ಅಂತ ಮರುವಾರ ವಿವರಣೆ ಕೇಳಿ ಮೆಮೊ ಬಂತು. ಒಂದು ಹಾಳೆ ಉತ್ತರ ಬರೆದರು. ಅಲ್ಲಿಗೆ ಮುಗಿಯಿತು.

ಇನ್ನು ಚರ್ಚು. ಕ್ಯಾಥೊಲಿಕರಲ್ಲಿ, ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗಳಲ್ಲಿ ಡೀಕನ್ ಅಂದರೆ ದೀಕ್ಷೆ ಪಡೆದವರು. ಸಿಎಸ್‌ಐನಲ್ಲಿ ಪಾದ್ರಿ ಆಗುವ ಮುಂಚಿನ ಮೆಟ್ಟಿಲು ಅದು. ನಮ್ಮಂಥ ಸಣ್ಣ ಸಭೆಗಳಲ್ಲಿ ಬೇರೆ ಕ್ರಮ. ಸಭೆಯವರು ತಮ್ಮೊಳಗಿಂದಲೇ ಆರಿಸುತ್ತಾರೆ. ಸಂಬಳ ಇಲ್ಲ, ನಿಲುವಂಗಿ ಇಲ್ಲ, ಪೀಠದ ಮೇಲೆ ಕುರ್ಚಿಯೂ ಇಲ್ಲ. ಗದಗ ರಸ್ತೆಯ ರೈಲ್ವೆ ಕ್ವಾರ್ಟರ್ಸಿಗೆ ಬಂದ ಮೇಲೆ ಅಪ್ಪ ಅವ್ವ ಹತ್ತಿರದ ಈ ಸಭೆಗೆ ಹೋಗತೊಡಗಿದ್ದರು. 1981ರಲ್ಲಿ ಅಪ್ಪನ ಹೆಸರು ಬಂತು. ಅಪ್ಪ ಒಂದು ವರ್ಷ ಬೇಡ ಅಂದರು. ಬೈಬಲಿನಲ್ಲಿ ತಿಮೊಥೆಯನಿಗೆ ಬರೆದ ಮೊದಲ ಪತ್ರದ 3ನೇ ಅಧ್ಯಾಯದಲ್ಲಿ ಈ ಕೆಲಸಕ್ಕೆ ಬರುವವರನ್ನು ಮೊದಲು ಪರೀಕ್ಷೆ ಮಾಡಬೇಕು ಅಂತಿದೆ. ಎರಡು ಮಾತಿನವರಾಗಿರಬಾರದು, ನೀಚ ಲಾಭಕ್ಕೆ ಆಸೆಪಡಬಾರದು. "ಒಂದು ವರ್ಷ ಕೆಲಸ ಕೊಡ್ರಿ, ಹುದ್ದೆ ಬ್ಯಾಡ. ನೋಡ್ರಿ, ಆಮ್ಯಾಲ ಹೇಳ್ರಿ" ಅಂದರು. ಆ ವರ್ಷ ಕುರ್ಚಿ ಹಾಕಿದರು, ಚಾಪೆ ಹಾಸಿದರು, ಆರಾಧನೆ ಮುಗಿದ ಮೇಲೆ ಕಸ ಗುಡಿಸಿದರು. ಮರುವರ್ಷ ಆರಿಸಿದರು.

ಡೀಕನ್ನರ ಕೆಲಸ ಎಲ್ಲಿಂದ ಶುರುವಾಯಿತು ಅನ್ನುವುದನ್ನು ಅಪ್ಪ ನಮಗೆ ಬಹಳ ಸಲ ಓದಿ ಹೇಳಿದ್ದಾರೆ. ಅಪೊಸ್ತಲರ ಕೃತ್ಯಗಳು, 6ನೇ ಅಧ್ಯಾಯ. ಯೆರೂಸಲೇಮಿನ ಮೊದಲ ಸಭೆಯಲ್ಲಿ ದಿನಾ ಊಟ ಹಂಚುತ್ತಿದ್ದರು. ಗ್ರೀಕ್ ಮಾತಾಡುವವರ ವಿಧವೆಯರಿಗೆ ಸರಿಯಾಗಿ ಸಿಗುತ್ತಿಲ್ಲ ಅಂತ ಗೊಣಗಾಟ ಎದ್ದಿತು. ಆಗ ಏಳು ಜನರನ್ನು ಆರಿಸಿದರು. ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ. ಇಲ್ಲಿ ಅಪ್ಪ ಓದು ನಿಲ್ಲಿಸುತ್ತಿದ್ದರು. "ಏಳೂ ಗ್ರೀಕ್ ಹೆಸರು, ನೋಡವಾ. ಯಾರಿಗೆ ಅನ್ಯಾಯ ಆಗಿತ್ತೋ ಅವರ ಕಡಿಯವರ ಕೈಯಾಗ ಸೌಟು ಕೊಟ್ರು."

ಇದನ್ನು ಅವರು ಸುಮ್ನೆ ಓದಿ ಬಿಡಲಿಲ್ಲ. ನಮ್ಮ ಸಭೆಯಲ್ಲಿ ಬಡವರ ನಿಧಿ ಅಂತ ಇದೆ. ಪ್ರತಿ ತಿಂಗಳ ಮೊದಲ ಭಾನುವಾರದ ವಿಶೇಷ ಕಾಣಿಕೆ ಅದಕ್ಕೆ. ಅದನ್ನು ಹಂಚುವ ಕಮಿಟಿಯಲ್ಲಿ ಪಗಾರ ಬರುವ ಗಂಡಸರೇ ಇದ್ದರು. ಆ ಕಮಿಟಿಯಲ್ಲಿ ಒಬ್ಬ ವಿಧವೆ ಇರಬೇಕು, ಅದೂ ನಿಧಿಯಿಂದ ಸಹಾಯ ಪಡೆದವರೇ ಇರಬೇಕು ಅಂತ ಅಪ್ಪ ಕೇಳಿದರು. ತಗೊಳ್ಳುವವರು ಕೊಡುವವರ ಜೊತೆ ಹೇಗೆ ಕೂರುತ್ತಾರೆ ಅಂತ ಕೆಲವರಿಗೆ ಸರಿ ಬರಲಿಲ್ಲ. ಎರಡು ವಾರ್ಷಿಕ ಸಭೆಗಳಲ್ಲಿ ಈ ಮಾತು ಬಿದ್ದುಹೋಯಿತು. ಮೂರನೆಯದರಲ್ಲಿ ಒಪ್ಪಿದರು. ಮನೆಗೆಲಸ ಮಾಡಿ ಇಬ್ಬರು ಮಕ್ಕಳನ್ನು ಸಾಕುತ್ತಿದ್ದ ಒಬ್ಬರು ಕಮಿಟಿಗೆ ಬಂದರು. ಬಂದ ಮೇಲೆ ಆದದ್ದೇನು? ಜುಲೈ, ಆಗಸ್ಟ್ ತಿಂಗಳಲ್ಲಿ ದುಡ್ಡು ಜಾಸ್ತಿ ಬೇಕು, ಡಿಸೆಂಬರಿನಲ್ಲಿ ಅಲ್ಲ ಅಂತ ಅವರು ಹೇಳಿದರು. ಮಳೆಯಲ್ಲಿ ಕೂಲಿ ನಿಲ್ಲುತ್ತದೆ, ಆಗಲೇ ಮಕ್ಕಳ ವಹಿ ಪುಸ್ತಕದ ಖರ್ಚೂ ಬಾಕಿ ಇರುತ್ತದೆ. ಅಲ್ಲಿವರೆಗೆ ನಮ್ಮ ಸಭೆ ಕ್ರಿಸ್ಮಸ್‌ಗೆ ಸೀರೆ, ಅಕ್ಕಿ, ಸಿಹಿ ಕೊಟ್ಟು ಸಮಾಧಾನ ಮಾಡಿಕೊಳ್ಳುತ್ತಿತ್ತು. ಇದೊಂದು ಬದಲಾವಣೆಯೇ ಅಪ್ಪ ಚರ್ಚಿಗೆ ಮಾಡಿದ ದೊಡ್ಡ ಸೇವೆ ಅಂತ ನನ್ನ ಅಭಿಪ್ರಾಯ. ಅವರ ನೆನಪಿನ ಕೂಟದಲ್ಲಿ ಇದನ್ನು ಯಾರೂ ಹೇಳಲಿಲ್ಲ. ಅದಕ್ಕೇ ಇಲ್ಲಿ ಹೇಳುತ್ತಿದ್ದೇನೆ.

ಮನೆ ಭೇಟಿಗೆ ಹೋದಾಗ ಅಪ್ಪ "ಏನಾದ್ರೂ ಬೇಕಾ?" ಅಂತ ಕೇಳುತ್ತಿರಲಿಲ್ಲ. ಹಾಗೆ ಕೇಳಿದರೆ ಮಾನವಂತರು "ಏನೂ ಬ್ಯಾಡ್ರಿ" ಅನ್ನುತ್ತಾರೆ. ಅಪ್ಪ ನೀರು ಕೇಳುತ್ತಿದ್ದರು. "ಯವ್ವಾ, ಒಂದು ಗ್ಲಾಸ್ ನೀರು ಕೊಡ್ರಿ." ನೀರು ತರುವುದಕ್ಕೆ ಅವರು ಒಳಗೆ ಹೋದಾಗ ತಾವೂ ಎದ್ದು ಅಡಿಗೆಮನೆ ಬಾಗಿಲ ತನಕ ಹೋಗಿ ಅಲ್ಲೇ ನಿಂತು ಕುಡಿಯುವುದು. ಒಲೆ ಹತ್ತಿದೆಯೋ ಇಲ್ಲವೋ, ರೊಟ್ಟಿ ಬುಟ್ಟಿಯಲ್ಲಿ ಏನಿದೆ, ಎಣ್ಣೆ ಶೀಸೆ ಎಷ್ಟು ಇಳಿದಿದೆ, ಅಷ್ಟರಲ್ಲಿ ಕಂಡುಬಿಡುತ್ತಿತ್ತು. ನಾನು ಚಿಕ್ಕವಳಿದ್ದಾಗ ಅವರ ಸೈಕಲ್ ಹಿಂದೆ ಕೂತು ಇಂಥ ಭೇಟಿಗಳಿಗೆ ಹೋಗಿದ್ದೇನೆ. ಮನೆಗೆ ಬಂದ ಮೇಲೆ ಅವ್ವನ ಹತ್ತಿರ ಅಪ್ಪ ಹೇಳುತ್ತಿದ್ದದ್ದು ಕಷ್ಟದ ಕಥೆ ಅಲ್ಲ. "ಜ್ವಾಳ ಇನ್ನ ನಾಕು ದಿನಕ್ಕ ಬರ್ತಾವ. ಎಣ್ಣಿ ಇಲ್ಲ." ಅಷ್ಟೇ.

ದುಡ್ಡು ಕೊಡುವಾಗ ಯಾರಾದರೂ ಕೈ ಮುಗಿದರೆ ಅವರಿಗೆ ಸಂಕಟ ಆಗುತ್ತಿತ್ತು. "ಇದು ನನ್ನ ರೊಕ್ಕ ಅಲ್ರೀ ಯವ್ವಾ, ಸಭಾದ ರೊಕ್ಕ. ನೀವೂ ಸಭಾದವ್ರು. ನಿಮ್ಮ ರೊಕ್ಕ ನೀವು ತಗೊಂಡ್ರಿ." ಒಂದು ಸಹಿ ಮಾತ್ರ ತಪ್ಪದೆ ಮಾಡಿಸಿಕೊಳ್ಳುತ್ತಿದ್ದರು, ಬರೆಯಲು ಬಾರದವರಿಂದ ಹೆಬ್ಬೆಟ್ಟು. ಕಾಣಿಕೆ ಎಣಿಸುವಾಗ ಒಬ್ಬರೇ ಎಂದೂ ಕೂರಲಿಲ್ಲ. ಇನ್ನೊಬ್ಬರು ಬರುವ ತನಕ ಚೀಲದ ಬಾಯಿ ಕಟ್ಟಿಯೇ ಇರಬೇಕು. ಎಣಿಸಿದ ಮೇಲೆ ಇಬ್ಬರ ಸಹಿ.

ಯೇಸುವಿನ ಕೊನೆಯ ಊಟದ ನೆನಪಿಗೆ ಚರ್ಚಿನಲ್ಲಿ ರೊಟ್ಟಿ, ದ್ರಾಕ್ಷಿ ರಸ ಹಂಚುವುದಕ್ಕೆ ಕರ್ತನ ಭೋಜನ ಅನ್ನುತ್ತೇವೆ. ಅದರ ಹಿಂದಿನ ದಿನ, ಶನಿವಾರ ಸಂಜೆ, ಸಣ್ಣ ಗಾಜಿನ ಬಟ್ಟಲುಗಳು ಮನೆಗೆ ಬರುತ್ತಿದ್ದವು. ಅವ್ವ ಕರಿ ದ್ರಾಕ್ಷಿ ಕುದಿಸಿ ಸೋಸಿ ರಸ ಮಾಡಿಡುವುದು. ಬಟ್ಟಲು ತೊಳೆಯುವುದು ಅಪ್ಪನೇ. ಬಿಸಿನೀರು, ಚಿಟಿಕೆ ಸೋಡಾ, ಒರೆಸುವುದಕ್ಕೆ ಹಳೆ ಧೋತರದ ಬಿಳಿ ತುಂಡು. ಒಂದೊಂದೇ ಬಟ್ಟಲನ್ನು ಎರಡು ಬೆರಳಲ್ಲಿ ಹಿಡಿದು ಬಲ್ಬಿನ ಕಡೆ ಎತ್ತಿ ತಿರುಗಿಸುತ್ತಿದ್ದರು. ಅಂಚು ಒಂಚೂರು ಒಡೆದಿದ್ದರೂ ಪಕ್ಕಕ್ಕೆ. ಯಾರದೋ ತುಟಿಗೆ ಹೋಗುವುದು ಅಲ್ವಾ. ಬೆಳಿಗ್ಗೆ ರಸ ತುಂಬುವಾಗ ಒಂದು ತಟ್ಟೆಯ ಬಟ್ಟಲುಗಳನ್ನು ಅರ್ಧಕ್ಕೇ ನಿಲ್ಲಿಸುತ್ತಿದ್ದರು. ಕೈ ನಡುಗುವ ಅಜ್ಜ ಅಜ್ಜಿಯರು ಕೂರುವ ಸಾಲಿಗೆ ಹೋಗುವ ತಟ್ಟೆ ಅದು. ಚೆಲ್ಲಿದರೆ ಅವರಿಗೆ ನಾಚಿಕೆ ಆಗುತ್ತದೆ.

ಕೆಲವು ಭಾನುವಾರ ರಾತ್ರಿ ಪಾಳಿ ಮುಗಿಸಿ ನೇರ ಚರ್ಚಿಗೆ ಬರುತ್ತಿದ್ದರು. ಸೀಮೆಎಣ್ಣೆಯಲ್ಲಿ ಕೈ ತೊಳೆದು, ಸೋಪು ಹಚ್ಚಿ, ಮತ್ತೆ ತೊಳೆದರೂ ಉಗುರಿನ ಸಂದಿಯ ಗ್ರೀಸ್ ಹೋಗುತ್ತಿರಲಿಲ್ಲ. ರೊಟ್ಟಿಯ ತಟ್ಟೆ ಹಿಡಿದು ಸಾಲಿನಿಂದ ಸಾಲಿಗೆ ಬರುವಾಗ ಅಪ್ಪ ಹತ್ತಿರ ಬಂದರೆ ಸೀಮೆಎಣ್ಣೆಯ ವಾಸನೆ ಮೊದಲು ಬರುತ್ತಿತ್ತು. ನನಗೆ ಅದು ಬಹಳ ವರ್ಷ ಚರ್ಚಿನ ವಾಸನೆಯೇ ಆಗಿತ್ತು.

ಚರ್ಚಿನ ಸುಗ್ಗಿ ಹಬ್ಬದ ಹರಾಜು ಇನ್ನೊಂದು. ಜನ ತಂದ ಕುಂಬಳಕಾಯಿ, ತೆಂಗಿನಕಾಯಿ, ಕೋಳಿ, ಕೇಕು, ಎಲ್ಲ ಸವಾಲಿಗೆ ಬರುತ್ತದೆ. ಉಳ್ಳವರ ನಡುವೆ ಒಂದು ನಿಂಬೆಹಣ್ಣು ಎಷ್ಟಕ್ಕೋ ಏರುತ್ತದೆ. ಅಪ್ಪ ಕಾಯುತ್ತಿದ್ದದ್ದು ಬೇರೆಯದಕ್ಕೆ. ಯಾರೋ ಬಡವರು ತಂದ ಎರಡು ಕಟ್ಟು ಮೆಂತ್ಯ ಸೊಪ್ಪು, ಬಿಸಿಲಿಗೆ ಬಾಡಿ, ಯಾರೂ ಸವಾಲು ಹಾಕದೆ ಬಿದ್ದಿರುತ್ತದಲ್ಲ, ಅದಕ್ಕೆ ಕೈ ಎತ್ತುತ್ತಿದ್ದರು. ಜೋರಾಗಿ ಕೂಗಿ ಸವಾಲು. ತಂದವರ ಕಿವಿಗೆ ಬೀಳಬೇಕು ಅಂತ.

ಇಷ್ಟೆಲ್ಲ ಊರ ಮನೆ ನೋಡಿದರೆ ಸ್ವಂತ ಮನೆ? ಅವ್ವನಿಗೆ ಇದ್ದ ದೂರು ಅದೇ. ಪಾಳಿ, ಚರ್ಚು, ಭೇಟಿ, ಮಣ್ಣು, ಮದುವೆ. ಮನೆಯ ನಲ್ಲಿ ಸೋರುತ್ತಲೇ ಇರುತ್ತಿತ್ತು. ಒಂದು ದಿನ ಸಂಜೆ ಓದುವ ಪಾಳಿ ಅವ್ವನದು. ಅವ್ವ ತಿಮೊಥೆಯನ ಪತ್ರದ ಅದೇ 3ನೇ ಅಧ್ಯಾಯ ತೆಗೆದು, ಸಭಾಸೇವಕರು ತಮ್ಮ ಮಕ್ಕಳನ್ನೂ ಮನೆಯನ್ನೂ ಚೆನ್ನಾಗಿ ನೋಡಿಕೊಳ್ಳಬೇಕು ಅನ್ನುವ 12ನೇ ವಚನವನ್ನು ನಿಧಾನವಾಗಿ ಓದಿ, ಬೈಬಲ್ ಮುಚ್ಚಿದಳು. ಅಪ್ಪ ತಲೆ ತಗ್ಗಿಸಿ ಕೂತರು. ವಾದ ಮಾಡಲಿಲ್ಲ. ಮರುದಿನ ನಲ್ಲಿ ರಿಪೇರಿ ಆಯಿತು. ಆಮೇಲೆ ಪಾಳಿ ಇಲ್ಲದ ಶನಿವಾರ ಬೆಳಿಗ್ಗೆ ಮನೆಗೇ ಮೀಸಲು. ಸಂತೆ, ರಿಪೇರಿ, ನಮ್ಮ ಲೆಕ್ಕದ ಪಾಠ. ಅವ್ವ 2016ರಲ್ಲಿ ಹೋದಳು. ಅವಳು ಇರುವ ತನಕ ಅಪ್ಪ ಆ ಶನಿವಾರಗಳನ್ನು ಯಾರಿಗೂ ಕೊಡಲಿಲ್ಲ.

ಹುಬ್ಬಳ್ಳಿಯ ದುರ್ಗದಬೈಲ್ ಮಾರುಕಟ್ಟೆಯಲ್ಲಿ ಗಡಿಗೆ ಕೊಳ್ಳುವುದನ್ನು ಅಪ್ಪ ಕಲಿಸಿದ್ದು ಅಂಥ ಒಂದು ಶನಿವಾರ. ಗಡಿಗೆಯನ್ನು ಎಡಗೈಯಲ್ಲಿ ಎತ್ತಿ, ಬಲಗೈ ಬೆರಳ ಗೆಣ್ಣಿನಿಂದ ಮೂರು ಕಡೆ ತಟ್ಟಬೇಕು. ಒಂದೇ ಕಡೆ ತಟ್ಟಿದರೆ ಗೊತ್ತಾಗುವುದಿಲ್ಲ. ಅಂಗಡಿಯ ಅಜ್ಜಿ ಬೇಜಾರು ಮಾಡಿಕೊಂಡರೆ, "ನಿಮ್ಮ ಗಡಿಗಿ ಛಲೋ ಅದಾವ್ರೀ, ಹುಡುಗಿ ಕಿವಿ ಕಲೀಲಿ" ಅನ್ನುತ್ತಿದ್ದರು. ಮುಂದೆ ನಾನು ಧಾರವಾಡದಲ್ಲಿ ಕಿಟೆಲ್ ಕಾಲೇಜಿಗೆ ಸೇರಿ ಹಾಸ್ಟೆಲ್‌ನಲ್ಲಿದ್ದಾಗ ಬುಧವಾರ ಬುಧವಾರ ಬರುತ್ತಿದ್ದರು. ಬಟ್ಟೆಯಲ್ಲಿ ಕಟ್ಟಿದ ಕಟಕ ರೊಟ್ಟಿ, ಶೇಂಗಾ ಚಟ್ನಿ. ಹೆಚ್ಚು ಮಾತಿಲ್ಲ. ಹಾಸ್ಟೆಲ್ ಗೇಟಿನ ಹತ್ತಿರ ನಿಂತು ನನ್ನ ಮುಖ ಒಂದು ಸಲ ಸರಿಯಾಗಿ ನೋಡುವುದು. ಸರಿ ಅನ್ನಿಸಿದರೆ ಮುಂದಿನ ಗಾಡಿಗೆ ವಾಪಸ್. ಅನ್ನಿಸದಿದ್ದರೆ ಕಟ್ಟೆ ಮೇಲೆ ಕೂರುತ್ತಿದ್ದರು, ನಾನು ಬಾಯಿ ಬಿಡುವ ತನಕ. ಒಮ್ಮೆ ಪರೀಕ್ಷೆಯ ಹೆದರಿಕೆಯಲ್ಲಿ ನಾನು ಊಟ ಬಿಟ್ಟಿದ್ದೆ. ಅಪ್ಪ ಉಪದೇಶ ಮಾಡಲಿಲ್ಲ. ರೊಟ್ಟಿ ಮುರಿದು ಕೊಟ್ಟು, ತಾವೂ ಒಂದು ತುಂಡು ತಿಂದು, ಕತ್ತಲಾಗುವ ತನಕ ಪಕ್ಕದಲ್ಲಿ ಕೂತಿದ್ದರು.

2020ರ ಮಾರ್ಚ್ 25ರಿಂದ ದೇಶವೆಲ್ಲ ಬಂದ್ ಆದಾಗ ಅಪ್ಪನಿಗೆ ದೊಡ್ಡ ಕಷ್ಟ ಆದದ್ದು ಇದೇ. ಹೋಗಿ ನೋಡುವ ಹಾಗಿಲ್ಲ. ಅವರಿಗೆ ಆಗಲೇ ಎಪ್ಪತ್ತೈದು ದಾಟಿತ್ತು. ಡೀಕನ್ ಕೆಲಸ ಕಿರಿಯರಿಗೆ ಬಿಟ್ಟುಕೊಟ್ಟು ಕೆಲವು ವರ್ಷವಾಗಿತ್ತು. ಆದರೂ ಸಭೆಯವರ ನಂಬರುಗಳಿದ್ದ ಡೈರಿ ತೊಡೆ ಮೇಲೆ ಇಟ್ಟುಕೊಂಡು ದಿನಾ ಬೆಳಿಗ್ಗೆ ಫೋನಿಗೆ ಕೂರುತ್ತಿದ್ದರು. ಆರಾಮ ಇದ್ದೀರಾ ಅಂತ ಕೇಳಿದರೆ ಎಲ್ಲರೂ ಆರಾಮ ಅನ್ನುತ್ತಾರೆ. ಅದಕ್ಕೇ ಅವರ ಪ್ರಶ್ನೆ ಬೇರೆ: "ಇವತ್ತು ಏನ್ ಅಡಿಗಿ ಮಾಡೀರಿ?" ಅನ್ನ ಸಾರು, ಪಲ್ಯ ರೊಟ್ಟಿ ಅಂತ ತಟ್ಟನೆ ಉತ್ತರ ಬಂದರೆ ಆ ಹೆಸರಿನ ಮುಂದೆ ಒಂದು ಗೆರೆ. ಆ ಕಡೆಯವರು ಒಂದು ಕ್ಷಣ ತಡೆದು "ಈಗ ಮಾಡಬೇಕ್ರಿ" ಅಂದರೆ ಒಂದು ಚುಕ್ಕಿ. ಚುಕ್ಕಿ ಬಿದ್ದ ಮನೆಗಳ ಹೆಸರನ್ನು ಮಧ್ಯಾಹ್ನ ಕಿರಿಯ ಡೀಕನ್ನರಿಗೆ ಹೇಳುವುದು. ಸಂಜೆಯೊಳಗೆ ಜೋಳ, ಬೇಳೆ, ಎಣ್ಣೆ ಆ ಬಾಗಿಲಿಗೆ ಮುಟ್ಟುತ್ತಿತ್ತು. ಚರ್ಚಿನ ಲೆಕ್ಕದಲ್ಲಿ ಅಷ್ಟೂ ಬರೆದಿದೆ, ಸಹಿಗಳ ಸಮೇತ.

2023ರ ಮಾರ್ಚಿನಲ್ಲಿ ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ಜಗತ್ತಿನ ಅತಿ ಉದ್ದದ ಪ್ಲಾಟ್‌ಫಾರ್ಮ್ ಉದ್ಘಾಟನೆ ಆಯಿತು. 1507 ಮೀಟರ್. ಅದಕ್ಕೆ ಮೊದಲು ಗೋರಖಪುರದ್ದು ಅತಿ ಉದ್ದದ್ದಾಗಿತ್ತು. ಪೇಪರಿನಲ್ಲಿ ಓದಿದ ಅಪ್ಪ ತಮ್ಮ ಕೋಲು ತಗೊಂಡರು. ಮಂಡಿನೋವು ಇತ್ತು. ನಾನು, ನನ್ನ ಮಗ ಜೊತೆಗೆ ಹೋದೆವು. ಈ ತುದಿಯಿಂದ ಆ ತುದಿ ತನಕ ನಡೆದರು, ನಡುನಡುವೆ ಬೆಂಚಿನ ಮೇಲೆ ಕೂತು. ಅಲ್ಲಿ ನಿಂತಿದ್ದ ಒಂದು ಗಾಡಿಯ ಪಕ್ಕದಲ್ಲಿ ಹೋಗುವಾಗ ಅವರ ಕಣ್ಣು ಕೆಳಗೆ, ಗಾಲಿಗಳ ಕಡೆಗೇ ಇತ್ತು. ಹೊಸ ಹುಡುಗನೊಬ್ಬ ಕೈಯಲ್ಲಿ ಮೀಟರ್ ಹಿಡಿದು ಆಕ್ಸಲ್ ಬಾಕ್ಸ್‌ಗಳ ಬಿಸಿ ನೋಡುತ್ತಾ ಬರುತ್ತಿದ್ದ. ಅಪ್ಪ ಅವನನ್ನು ಮಾತಾಡಿಸಿದರು. ಎಷ್ಟು ಡಿಗ್ರಿ ಬಂದರೆ ಸಿಕ್ ಮಾಡ್ತೀರಿ, ಮೀಟರ್ ತಪ್ಪು ತೋರಿಸಿದರೆ ಹೇಗೆ ಗೊತ್ತಾಗುತ್ತದೆ ಅಂತ ಕೇಳಿದರು. ಅವನು ಮರ್ಯಾದೆಯಿಂದ ಎಲ್ಲ ತೋರಿಸಿದ. ಅಪ್ಪನಿಗೆ ಬಹಳ ಸಂತೋಷ ಆಯಿತು. "ಹುಡುಗ ಕೆಲಸ ಬಲ್ಲ" ಅಂತ ಮನೆ ಮುಟ್ಟುವ ತನಕ ಹೇಳುತ್ತಾ ಬಂದರು.

ಕೊನೆಯ ತಿಂಗಳುಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಹೃದಯ ಸೋತಿತ್ತು. ರೈಲ್ವೆ ಆಸ್ಪತ್ರೆ, ಮನೆ, ಮತ್ತೆ ಆಸ್ಪತ್ರೆ. ಪುಣೆಯಿಂದ ತಮ್ಮ ಬಂದಿದ್ದ. ಎಚ್ಚರ ಇದ್ದಾಗಲೆಲ್ಲ 23ನೇ ಕೀರ್ತನೆ ಓದಿಸಿಕೊಳ್ಳುತ್ತಿದ್ದರು. ಮಣ್ಣಿನ ದಿನ ಸಣ್ಣಗೆ ಮಳೆ. ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಅರ್ಧ ಜನ ಚರ್ಚಿನವರು, ಅರ್ಧ ಜನ ಹಳೆ ಪಾಳಿಯವರು. ಚಾಚಾಗೆ ನಡೆಯಲು ಆಗುವುದಿಲ್ಲ, ಆಟೋದಲ್ಲಿ ಬಂದು ಮೂರು ಹಿಡಿ ಮಣ್ಣು ಹಾಕಿದರು.

ಈ ವರ್ಷದ ವಾರ್ಷಿಕ ಸಭೆಯಲ್ಲಿ ಬಡವರ ನಿಧಿಯ ಕಮಿಟಿಗೆ ನನ್ನನ್ನು ಸೇರಿಸಿದ್ದಾರೆ. ಅಪ್ಪ ಹಟ ಹಿಡಿದು ಕಮಿಟಿಗೆ ತಂದ ಆ ತಾಯಿ ಈಗಲೂ ಅಲ್ಲಿದ್ದಾರೆ, ವಯಸ್ಸಾಗಿದೆ. ಮಕ್ಕಳಿಬ್ಬರೂ ಕೆಲಸದಲ್ಲಿದ್ದಾರೆ. ಅವರ ಜೊತೆಯೇ ನಾನು ಭೇಟಿಗೆ ಹೋಗುತ್ತೇನೆ. ಯಾವ ಮನೆಯಲ್ಲಿ ಎಷ್ಟು ಹೊತ್ತು ಕೂರಬೇಕು, ಯಾವಾಗ ಏಳಬೇಕು, ಅವರಿಗೆ ಚೆನ್ನಾಗಿ ಗೊತ್ತು. ಕಳೆದ ವಾರ ಗದಗ ರಸ್ತೆಯ ಆಚೆ ಒಂದು ಮನೆಗೆ ಹೋಗಿದ್ದೆವು. ತಾಯಿ, ಮಗಳು, ಮಗಳ ಕೂಸು. ನೀರು ಕೇಳಿದೆವು. ಅಡಿಗೆಮನೆ ಮೇಲಿನ ಎರಡು ತಗಡು ತುಕ್ಕು ಹಿಡಿದು ತೂತು ಬಿದ್ದಿವೆ, ಒಲೆಯ ನೇರಕ್ಕೆ. ಮೃಗಶಿರ ಮಳೆಗೆ ಮುಂಚೆ ಹಾಕಿಸಬೇಕು. ಅಳತೆ ತಗೊಂಡು, ಅಂಗಡಿಯಲ್ಲಿ ದರ ಬರೆಸಿಕೊಂಡು ಬಂದಿದ್ದೇನೆ. ಭಾನುವಾರ ಕಮಿಟಿ ಮುಂದೆ ಇಡುತ್ತೇನೆ.